ಕಪ್ಪು ರೆಕ್ಕೆ, ನೀಲಿ ಪಟ್ಟಿ: ತೀರ್ಥಹಳ್ಳಿಯಿಂದ ಕರಿಘಟ್ಟದವರೆಗೆ ಚಿಟ್ಟೆಗಳ ಹಿಂದೆ

ಕಪ್ಪು ರೆಕ್ಕೆ, ಅದರ ಮೇಲೆ ನೀಲಿ. ಇಷ್ಟು ಮಾತ್ರ ಹೇಳಿ "ಇದು ಯಾವ ಚಿಟ್ಟೆ?" ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಅವುಗಳಲ್ಲಿ ಕಪ್ಪು-ನೀಲಿಯವೇ ಎಷ್ಟೊಂದು! ಬ್ಲೂ ಮಾರ್ಮನ್, ಬ್ಲೂಬಾಟಲ್, ಬ್ಲೂ ಟೈಗರ್, ಬ್ಲೂ ಅಡ್ಮಿರಲ್, ಬ್ಲೂ ಪ್ಯಾನ್ಸಿ, ಇನ್ನೂ ಇವೆ. ಒಂದಕ್ಕೊಂದು ಹತ್ತಿರದ ನೆಂಟಸ್ತಿಕೆ ಇಲ್ಲದವೂ ಒಂದೇ ಬಣ್ಣ ತೊಟ್ಟಿವೆ.

ಅಕ್ಕನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ಫೋನ್ ತುಂಬಾ ಚಿಟ್ಟೆ ಫೋಟೊಗಳು. ಫೋಟೊ ಹಾಕಿದರೆ ಹೆಸರು ಹೇಳುವ ಆ್ಯಪ್‌ಗಳೂ ಈಗ ಇವೆ. ಆದರೆ ಹೆಸರು ಸಿಕ್ಕಿದ ಕೂಡಲೇ ಕೆಲಸ ಮುಗಿಯಿತು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಚಿಟ್ಟೆಯನ್ನು ಗುರುತಿಸಬೇಕಾದರೆ ಅದು ಯಾವ ಗಿಡಕ್ಕೆ ಬರುತ್ತದೆ, ಹೇಗೆ ಹಾರುತ್ತದೆ, ಎಲ್ಲಿ ಕೂರುತ್ತದೆ ಎಂದು ಮೊದಲು ನೋಡಬೇಕು. ಬಣ್ಣ ಆಮೇಲೆ. ಇದನ್ನು ಹೇಳುತ್ತಾ ಕೂರುವುದಕ್ಕಿಂತ ತೋರಿಸುವುದೇ ಸರಿ ಎಂದು ದಸರಾ ರಜೆಯಲ್ಲಿ ಅವಳನ್ನು ಕರೆದುಕೊಂಡು ಹೊರಟೆ. ಮಳೆ ಹಿಂದೆ ಸರಿದಿರುತ್ತದೆ, ಗಿಡಗಳಲ್ಲಿ ಇನ್ನೂ ಚಿಗುರು ಇರುತ್ತದೆ, ಬಿಸಿಲೂ ಬೀಳುತ್ತದೆ. ಚಿಟ್ಟೆ ನೋಡಲು ನಮ್ಮ ಕಡೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಮೊದಲ ದಿನ: ಬೆಂಗಳೂರಿನ ಅಶೋಕ ಮರ

ಮೊದಲ ಚಿಟ್ಟೆಗೆ ಊರು ಬಿಡಬೇಕಾಗಿರಲಿಲ್ಲ. ಅಕ್ಕನ ಮನೆಯ ಕಾಂಪೌಂಡಿನ ಉದ್ದಕ್ಕೂ ಅಶೋಕ ಮರಗಳಿವೆ. ಸೀತೆ ಕೂತಿದ್ದ ಅಶೋಕ ಅಲ್ಲ, ಬಡಾವಣೆಗಳಲ್ಲಿ ನೆಟ್ಟಗೆ ಮೇಲಕ್ಕೆ ಬೆಳೆಯುತ್ತದಲ್ಲ, ಆ ಮರ. ಕಾರಿಗೆ ಬ್ಯಾಗು ಹಾಕುವಾಗ ಒಂದು ಕಪ್ಪು-ನೀಲಿ ಚಿಟ್ಟೆ ಅದರ ಚಿಗುರಿನ ಸುತ್ತ ಚಡಪಡಿಸುತ್ತಿತ್ತು.

"ಚಿಕ್ಕಮ್ಮ, ಬ್ಲೂಬಾಟಲ್ ಅಲ್ವಾ?"

"ಮರ ನೋಡು. ಬ್ಲೂಬಾಟಲ್‌ಗೆ ಅಶೋಕ ಮರದ ಚಿಗುರಲ್ಲಿ ಏನು ಕೆಲಸ?"

ಅದು ಕಾಮನ್ ಜೇ. ಬ್ಲೂಬಾಟಲ್‌ಗೆ ರೆಕ್ಕೆಯ ಉದ್ದಕ್ಕೂ ಒಂದೇ ನೀಲಿ ಪಟ್ಟಿ. ಜೇಗೆ ಆ ಪಟ್ಟಿಯ ಜೊತೆಗೆ ಅಂಚಿನಲ್ಲಿ ಸಾಲು ಚುಕ್ಕೆಗಳೂ ಇರುತ್ತವೆ. ಆದರೆ ಅಷ್ಟು ದೂರದಿಂದ, ಒಂದು ಕ್ಷಣವೂ ನಿಲ್ಲದ ಚಿಟ್ಟೆಯಲ್ಲಿ ಚುಕ್ಕೆ ಎಣಿಸುವುದು ಯಾರಿಗೂ ಆಗದ ಕೆಲಸ. ಮರವೇ ಉತ್ತರ ಕೊಡುತ್ತದೆ. ಜೇಯ ಮರಿಹುಳು ತಿನ್ನುವುದು ಅಶೋಕ ಮರ ಮತ್ತು ಅದರ ಬಳಗದ ಎಲೆ. ಸಂಪಿಗೆಯನ್ನೂ ತಿನ್ನುತ್ತದೆ. ಬ್ಲೂಬಾಟಲ್ ಮರಿಗೆ ದಾಲ್ಚಿನ್ನಿ ಬಳಗ ಬೇಕು. ಕೆಳಗಿನ ಕೊಂಬೆಯ ಚಿಗುರನ್ನು ಬಗ್ಗಿಸಿ ನೋಡಿದರೆ ಎಲೆಯ ಮೇಲೆ ಒಂದು ಪುಟ್ಟ ದುಂಡನೆಯ ಮೊಟ್ಟೆ ಇತ್ತು. ಬೆಂಗಳೂರಿನ ನಡುಮಧ್ಯದಲ್ಲೂ ಜೇ ಬದುಕಿಕೊಂಡಿರುವುದಕ್ಕೆ ಬಡಾವಣೆಗಳಲ್ಲಿ ಸಾಲಾಗಿ ನೆಟ್ಟ ಈ ಮರಗಳೇ ಆಸರೆ. ನೆಟ್ಟವರು ಚಿಟ್ಟೆಗಾಗಿ ನೆಟ್ಟಿರಲಿಕ್ಕಿಲ್ಲ. ಆದರೂ ಅದಕ್ಕೆ ಮನೆ ಸಿಕ್ಕಿತು.

ಉಳಿದ ದಿನವೆಲ್ಲ ರಸ್ತೆಯಲ್ಲೇ ಕಳೆಯಿತು. ತುಮಕೂರು, ಅರಸೀಕೆರೆ, ತರೀಕೆರೆ, ಶಿವಮೊಗ್ಗ. ತೀರ್ಥಹಳ್ಳಿ ಹತ್ತಿರದ ಮಾವನ ಮನೆ ಮುಟ್ಟುವಾಗ ಕತ್ತಲಾಗಿತ್ತು.

ಎರಡನೇ ದಿನ: ಹೇರಳೆ ಮರದ ಬುಡದಲ್ಲಿ

ಚಿಟ್ಟೆ ನೋಡಲು ಬೆಳಕು ಹರಿಯುವಾಗಲೇ ಏಳಬೇಕಾಗಿಲ್ಲ. ಅವು ಬಿಸಿಲು ಕಾಯುತ್ತವೆ. ಮೈ ಬೆಚ್ಚಗಾಗದೆ ಹಾರಲು ಆಗುವುದಿಲ್ಲ. ಹಾಗಾಗಿ ತಿಂಡಿ ತಿಂದು, ಎರಡನೇ ಕಾಫಿಯೂ ಮುಗಿಸಿ ಅತ್ತೆಯ ಹಿತ್ತಿಲಿಗೆ ಇಳಿದೆವು.

ಹಿತ್ತಿಲಲ್ಲಿ ಹೇರಳೆ, ಕಂಚಿ, ಗಜನಿಂಬೆ ಎಲ್ಲ ಇವೆ. ಅತ್ತೆಯ ಹೇರಳೆಕಾಯಿ ಉಪ್ಪಿನಕಾಯಿ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಬ್ಲೂ ಮಾರ್ಮನ್ ನೋಡಬೇಕು ಎಂದವರಿಗೆ ನಾನು ಕಾಡಿನ ದಾರಿ ತೋರಿಸುವುದಿಲ್ಲ, ಇಂಥ ಹಿತ್ತಿಲು ತೋರಿಸುತ್ತೇನೆ. ಅದರ ಮರಿಹುಳುವಿಗೆ ನಿಂಬೆ ಬಳಗದ ಎಲೆಯೇ ಆಗಬೇಕು. ಕಾಡಲ್ಲಿದ್ದರೆ ಕಾಡುನಿಂಬೆ, ಊರಲ್ಲಿದ್ದರೆ ಹೇರಳೆ, ಚಕ್ಕೋತ, ಕಿತ್ತಳೆ.

ಅದು ಬಂದಾಗ ಗುರುತಿಸಲು ಯಾರೂ ಹೇಳಿಕೊಡಬೇಕಾಗಿಲ್ಲ. ರೆಕ್ಕೆ ಬಿಚ್ಚಿದರೆ 12ರಿಂದ 15 ಸೆಂಟಿಮೀಟರ್. ದಕ್ಷಿಣ ಭಾರತದಲ್ಲಿ ಸದರ್ನ್ ಬರ್ಡ್‌ವಿಂಗ್ ಬಿಟ್ಟರೆ ಇದೇ ದೊಡ್ಡ ಚಿಟ್ಟೆ. ಬರ್ಡ್‌ವಿಂಗ್ ನಮ್ಮ ರಾಜ್ಯದ ಚಿಟ್ಟೆ. ಬ್ಲೂ ಮಾರ್ಮನ್ ಅನ್ನು 2015ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯ ಚಿಟ್ಟೆ ಮಾಡಿಕೊಂಡಿತು. ಮುಂದಿನ ರೆಕ್ಕೆ ಕಪ್ಪು, ಹೊರಗಡೆಗೆ ನೀಲಿ ಗೀರುಗಳ ಸಾಲು. ಹಿಂದಿನ ರೆಕ್ಕೆಯ ಹೆಚ್ಚು ಪಾಲು ತಿಳಿನೀಲಿ, ಅದರ ಮೇಲೆ ಕಪ್ಪು ಚುಕ್ಕೆಗಳು. ಬಾಲ ಇಲ್ಲ. ರೆಕ್ಕೆ ಮಡಚಿದಾಗ ಬುಡದಲ್ಲಿ ಕೆಂಪು ಕಲೆಗಳು ಕಾಣುತ್ತವೆ. ಹಾರುವಾಗ ಏರುತ್ತದೆ, ಇಳಿಯುತ್ತದೆ, ತಟ್ಟನೆ ಪಕ್ಕಕ್ಕೆ ಹೊರಳುತ್ತದೆ. ದಾಸವಾಳದ ಹೂವಿನಲ್ಲಿ ಎರಡು ಸೆಕೆಂಡು, ಕೇಪಳದಲ್ಲಿ ಮೂರು, ಅಷ್ಟೇ. ಹಕ್ಕಿಗೆ ಹಿಡಿಯಲು ಸಿಗಬಾರದಲ್ಲ.

ಆದರೆ ಮೊಟ್ಟೆ ಇಡುವ ಹೆಣ್ಣು ಹೀಗೆ ಹಾರುವುದಿಲ್ಲ. ಅದು ನಿಧಾನ. ಹೇರಳೆ ಮರದ ಒಳಗೊಳಗೇ ಸುತ್ತಿ, ಎಲೆಯಿಂದ ಎಲೆಗೆ ಹೋಗಿ ಮುಂಗಾಲಿನಿಂದ ತಟ್ಟಿ ತಟ್ಟಿ ನೋಡುತ್ತದೆ. ಚಿಟ್ಟೆ ರುಚಿ ನೋಡುವುದು ಕಾಲಿನಿಂದ. ಸರಿಯಾದ ಎಲೆ ಎಂದು ಕಾಲಿಗೆ ಗೊತ್ತಾದ ಮೇಲೇ ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಅಂಟಿಸುತ್ತದೆ. ಒಂದೆಲೆಗೆ ಒಂದೇ. ಮತ್ತೆ ಮುಂದಿನ ಎಲೆ. ಅವಳು ಇದನ್ನು ವಿಡಿಯೊ ಮಾಡಿಕೊಂಡಳು, ಆಮೇಲೆ ಫೋನ್ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತಳು.

ಮರದಲ್ಲಿ ಎಲ್ಲ ಹಂತಗಳೂ ಸಿಕ್ಕವು. ಇದು ನಮ್ಮ ಅದೃಷ್ಟ. ಎಳೆಯ ಮರಿಹುಳು ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ, ಕಂದು ಮತ್ತು ಬಿಳಿ. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ? ಆದರೆ ಹುಳು ದಪ್ಪಗಾದ ಮೇಲೆ ಈ ವೇಷ ನಡೆಯುವುದಿಲ್ಲ. ಅಷ್ಟು ದೊಡ್ಡ ಹಿಕ್ಕೆ ಇರುವುದಿಲ್ಲ ತಾನೇ. ಆಗ ಪೊರೆ ಕಳಚಿ ಎಲೆ ಹಸಿರು ಬಣ್ಣಕ್ಕೆ ಬರುತ್ತದೆ. ಅವಳು ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಳು. ತಲೆಯ ಹಿಂದಿನಿಂದ ಕವಲೊಡೆದ ಕೆಂಪನೆಯ ಕೊಂಬು ಹೊರಗೆ ಬಂತು, ಜೊತೆಗೆ ಘಾಟು ವಾಸನೆ. ಇರುವೆ, ಕಣಜ ಬಂದರೆ ಓಡಿಸಲು ಇದೇ ಆಯುಧ. ಇನ್ನೊಮ್ಮೆ ಮುಟ್ಟಬೇಡ ಎಂದೆ. ಪ್ರತಿ ಸಲ ಹೆದರಿದಾಗಲೂ ಅದರ ಶಕ್ತಿ ಖರ್ಚಾಗುತ್ತದೆ.

ಹುಳು ಚಿಟ್ಟೆಯಾಗುವ ಮೊದಲು ಒಳಗೆ ಅಡಗುವ ಕೋಶ (ಪ್ಯೂಪಾ) ಕೂಡ ಕಂಡೆವು. ಬಾಲದ ತುದಿ ಕಡ್ಡಿಗೆ ಅಂಟಿಸಿಕೊಂಡು, ಸೊಂಟಕ್ಕೆ ರೇಷ್ಮೆ ಎಳೆಯೊಂದನ್ನು ಬಿಗಿದುಕೊಂಡು ಓರೆಯಾಗಿ ಇರುತ್ತದೆ. ಹಸಿರು ಎಲೆಗಳ ನಡುವೆ ಇದ್ದದ್ದು ಹಸಿರು. ಒಣ ಕೊಂಬೆಯಲ್ಲಿ ಇದ್ದದ್ದು ಕಂದು. ಕಂದು ಕೋಶದಲ್ಲಿ ಸೂಜಿಮೊನೆಯಷ್ಟು ತೂತು. ಅದರಿಂದ ಚಿಟ್ಟೆ ಬರುವುದಿಲ್ಲ. ಒಳಗೆ ಪುಟ್ಟ ಕಣಜಗಳು ಮೊಟ್ಟೆಯಿಟ್ಟು, ಅವುಗಳ ಮರಿಗಳು ಒಳಗಿದ್ದದ್ದನ್ನು ತಿಂದು ಹೊರಗೆ ಹೋಗಿವೆ. ಅವಳ ಮುಖ ಬಾಡಿತು. ನನಗೂ ಮೊದಲ ಸಲ ನೋಡಿದಾಗ ಸಂಕಟವಾಗಿತ್ತು. ಆದರೆ ಇಟ್ಟ ಮೊಟ್ಟೆಯೆಲ್ಲ ಚಿಟ್ಟೆಯಾದರೆ ಹೇರಳೆ ಮರದಲ್ಲಿ ಒಂದು ಎಲೆಯೂ ಉಳಿಯುವುದಿಲ್ಲ. ಆ ಕಣಜಗಳಿಗೂ ಇದೇ ಮರ ಮನೆ.

ಅತ್ತೆ ಸೊಪ್ಪು ಕೊಯ್ಯಲು ಬಂದವರು ನಮ್ಮ ಜೊತೆ ನಿಂತರು. "ಈ ಹುಳಗಳು ಚಿಗುರನ್ನೆಲ್ಲ ಬೋಳಿಸ್ತವೆ. ನಿನ್ನ ಮಾವ ಔಷಧಿ ಹೊಡೆಸ್ತೀನಿ ಅಂದ್ರು. ನಾನೇ ಬೇಡ ಅಂದೆ. ಕಾಯಿ ಬಿಡೋ ಮರಕ್ಕೆ ನಾಲ್ಕು ಎಲೆ ಹೋದ್ರೆ ಎಂತ ಆಗ್ತದೆ?"

"ಅಜ್ಜಿ, ಈ ಹುಳನೇ ಆ ನೀಲಿ ಚಿಟ್ಟೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಎಂತ ಮಗಾ. ಮದುವೆಯಾಗಿ ಬಂದಾಗಿಂದ ನೋಡ್ತಾ ಇದೀನಿ."

ಮೊಟ್ಟೆಯಿಂದ ಚಿಟ್ಟೆಯಾಗಲು ತಿಂಗಳು, ತಿಂಗಳೂವರೆ ಬೇಕು. ಅಷ್ಟು ದಿನ ಒಂದು ಮರದ ಮೇಲೆ ಕಣ್ಣಿಟ್ಟವರಿಗೆ ಮಾತ್ರ ಹುಳು ಮತ್ತು ಚಿಟ್ಟೆಯ ಸಂಬಂಧ ತಿಳಿಯುತ್ತದೆ. ಯಾವ ಪುಸ್ತಕ ಓದಿದವರಿಗಿಂತಲೂ ಅತ್ತೆಗೆ ಈ ವಿಷಯ ಚೆನ್ನಾಗಿ ಗೊತ್ತು.

ಮೂರನೇ ದಿನ: ಆಗುಂಬೆಯ ಒದ್ದೆ ಮಣ್ಣು

ಆಗುಂಬೆಯಲ್ಲಿ ಹೆಚ್ಚಿನವರು ಸೂರ್ಯಾಸ್ತ ನೋಡುತ್ತಾರೆ. ನಾವು ನೆಲ ನೋಡಿದೆವು. ರಸ್ತೆ ಬದಿಯ ಒಂದು ಝರಿ ಮಣ್ಣಿನ ಮೇಲೆ ಹರಿದು ತೇವ ಮಾಡಿತ್ತು. ಹತ್ತು ಗಂಟೆಯ ಬಿಸಿಲು ಬಿದ್ದಾಗ ಅಲ್ಲಿಗೆ ಬ್ಲೂಬಾಟಲ್‌ಗಳು ಒಂದೊಂದಾಗಿ ಇಳಿದವು. ಮರದ ನೆತ್ತಿಯಲ್ಲಿ ಬಾಣದ ವೇಗದಲ್ಲಿ ಹೋಗುವ ಚಿಟ್ಟೆ ಇದು. ಹತ್ತಿರದಿಂದ ನೋಡಲು ಸಿಗುವುದು ಹೀಗೆ ಮಣ್ಣಿಗೆ ಇಳಿದಾಗ ಮಾತ್ರ.

ಇಳಿದವೆಲ್ಲ ಹೆಚ್ಚುಕಮ್ಮಿ ಗಂಡುಗಳೇ. ಮಕರಂದದಲ್ಲಿ ಸಕ್ಕರೆ ಇದೆ, ಆದರೆ ಉಪ್ಪಿನ ಅಂಶ ಬಹಳ ಕಡಿಮೆ. ಅದನ್ನು ತೇವದ ಮಣ್ಣಿನಿಂದ ಹೀರಿಕೊಳ್ಳಬೇಕು. ನೀರನ್ನು ಹೀರುತ್ತಾ, ಬೇಡದ ನೀರನ್ನು ಹಿಂದಿನಿಂದ ಹನಿಹನಿಯಾಗಿ ಚಿಮ್ಮುತ್ತಾ ಗಂಟೆಗಟ್ಟಲೆ ಕೂರುತ್ತವೆ. ಹೀಗೆ ಕೂಡಿಟ್ಟ ಉಪ್ಪು ಗಂಡಿನ ಸ್ವಂತಕ್ಕೆ ಮಾತ್ರ ಅಲ್ಲ. ಕೂಡುವಾಗ ಹೆಣ್ಣಿಗೆ ಹೋಗುತ್ತದೆ, ಅಲ್ಲಿಂದ ಮೊಟ್ಟೆಗೆ. ಇದನ್ನು ಹೇಳಿದಾಗ ಅವಳು "ಹಂಗಾದ್ರೆ ಇದು ಬಾಣಂತಿ ಖಾರಕ್ಕೆ ಸಾಮಾನು ತರೋ ಕೆಲಸ" ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆ ನೀಲಿಯನ್ನು ಹತ್ತಿರದಿಂದ ನೋಡಿದರೆ ಹಸಿರು ಬೆರೆತಿರುತ್ತದೆ. ಚಿಟ್ಟೆಯ ರೆಕ್ಕೆ ಎಂದರೆ ಪುಟ್ಟ ಪುಟ್ಟ ಹುರುಪೆಗಳ ಹೊದಿಕೆ, ಬಣ್ಣ ಇರುವುದು ಆ ಹುರುಪೆಗಳಲ್ಲಿ ಎಂದು ಶಾಲೆಯಲ್ಲಿ ಓದಿರುತ್ತೇವೆ. ಬ್ಲೂಬಾಟಲ್‌ನ ಪಟ್ಟಿ ಹಾಗಲ್ಲ. ಅಲ್ಲಿ ಮೇಲ್ಭಾಗದಲ್ಲಿ ಹುರುಪೆಗಳ ಹೊದಿಕೆಯೇ ಇಲ್ಲ ಎನ್ನಬಹುದು. ಬಣ್ಣ ಇರುವುದು ರೆಕ್ಕೆಯ ಪೊರೆಯೊಳಗೆ. ಪಿತ್ತದಲ್ಲಿರುವ ಬಣ್ಣದ ಜಾತಿಗೆ ಸೇರಿದ ನೀಲಿ-ಹಸಿರು ವಸ್ತು ಅದು. ಅದಕ್ಕೇ ಬಿಸಿಲಿಗೆ ಅಡ್ಡ ಹಿಡಿದಂತೆ ರೆಕ್ಕೆ ನಿಂತಾಗ ಪಟ್ಟಿಯ ಮೂಲಕ ಬೆಳಕು ಹಾಯುತ್ತದೆ. ಇದರ ಕಣ್ಣಿನ ವಿಷಯ ಇನ್ನೂ ದೊಡ್ಡದು. ನಮ್ಮ ಕಣ್ಣಲ್ಲಿ ಬಣ್ಣ ತಿಳಿಯುವ ಜೀವಕೋಶಗಳು 3 ಬಗೆ. ಇದರ ಹತ್ತಿರದ ಬಂಧುವಾದ ಕಾಮನ್ ಬ್ಲೂಬಾಟಲ್ ಎಂಬ ಇನ್ನೊಂದು ಜಾತಿಯ ಕಣ್ಣಲ್ಲಿ ಬೆಳಕು ಗ್ರಹಿಸುವ ಜೀವಕೋಶಗಳು ಕನಿಷ್ಠ 15 ಬಗೆ ಎಂದು 2016ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ನಾವು ಸುಮ್ನೆ "ನೀಲಿ" ಎನ್ನುವಲ್ಲಿ ಅವು ಒಂದನ್ನೊಂದು ಹೇಗೆ ನೋಡುತ್ತಿರಬಹುದು!

ಮಧ್ಯಾಹ್ನ ಘಾಟಿ ಇಳಿದೆವು. 14 ಹೇರ್‌ಪಿನ್ ತಿರುವು, ನಡುವೆ ನಿಲ್ಲಿಸಲು ಜಾಗ ಕಡಿಮೆ. ಸೋಮೇಶ್ವರ ದಾಟಿ ಹೆಬ್ರಿ ಕಡೆ ಹೋಗುವಾಗ ಒಂದು ಬಯಲಲ್ಲಿ ಕ್ರೊಟಲೇರಿಯ ಗಿಡಗಳು ಕಂಡವು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಎನ್ನುತ್ತದಲ್ಲ, ಮಕ್ಕಳು ಆಡುತ್ತಾರೆ, ಆ ಗಿಡ. ಅದರ ತುಂಬಾ ಬ್ಲೂ ಟೈಗರ್‌ಗಳು. ನಡುನಡುವೆ ಡಾರ್ಕ್ ಬ್ಲೂ ಟೈಗರ್. ಎರಡಕ್ಕೂ ಕಪ್ಪಿನ ಮೇಲೆ ತಿಳಿನೀಲಿ ಗೆರೆ ಮತ್ತು ಚುಕ್ಕೆ. ಬ್ಲೂ ಟೈಗರ್‌ನ ಗೆರೆಗಳು ಅಗಲ, ಬಣ್ಣ ಮಾಸಲು. ಡಾರ್ಕ್ ಬ್ಲೂನಲ್ಲಿ ಗೆರೆ ಸಪೂರ, ಕಪ್ಪು ಜಾಸ್ತಿ. ಎರಡನ್ನೂ ಪಕ್ಕಪಕ್ಕ ನೋಡಿದರೆ ಮತ್ತೆ ಅನುಮಾನ ಬರುವುದಿಲ್ಲ.

ಈ ಟೈಗರ್‌ಗಳು ಅವಸರ ಮಾಡುವುದಿಲ್ಲ. ಮರಿಯಾಗಿದ್ದಾಗ ಹಾಲು ಒಸರುವ ಬಳ್ಳಿಗಳ ಎಲೆ ತಿಂದು ಬೆಳೆದವು. ಆ ಹಾಲಿನ ಕಹಿ ಮೈಯಲ್ಲಿ ಉಳಿದಿರುತ್ತದೆ. ಒಮ್ಮೆ ತಿಂದ ಹಕ್ಕಿ ಮತ್ತೆ ಇವುಗಳ ತಂಟೆಗೆ ಬರುವುದಿಲ್ಲ. ಕ್ರೊಟಲೇರಿಯದಿಂದ ಗಂಡುಗಳು ಇನ್ನೊಂದು ರಾಸಾಯನಿಕ ತೆಗೆದುಕೊಳ್ಳುತ್ತವೆ. ಬಾಡಿದ ಎಲೆ, ಕಾಂಡ, ಕಾಯಿಯನ್ನು ಕಾಲಿನಿಂದ ಕೆರೆದು ರಸ ಹೀರುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆ ತಯಾರಾಗುವುದು ಅದರಿಂದ. ಹೂವಿಲ್ಲದ ಒಣ ಗಿಡಕ್ಕೆ ಚಿಟ್ಟೆ ಮುತ್ತಿದ್ದು ಯಾಕೆ ಎಂಬ ಅವಳ ಪ್ರಶ್ನೆಗೆ ಇದೇ ಉತ್ತರ.

ಅಲ್ಲೇ ಪಕ್ಕದ ಒಂದು ತೋಟದ ಬೇಲಿಯಲ್ಲಿ ದಾಲ್ಚಿನ್ನಿ ಮರ ಇತ್ತು. ಅದರ ಸುತ್ತ ಇನ್ನೊಂದು "ಬ್ಲೂ ಟೈಗರ್" ಹಾರುತ್ತಿತ್ತು.

"ಇದರ ಕಾಲು ಎಣಿಸು" ಎಂದೆ.

ಕೂತಾಗ ಅವಳು ಕ್ಯಾಮೆರಾದಲ್ಲಿ ಹತ್ತಿರ ಮಾಡಿ ನೋಡಿದಳು. "ಆರು."

ಟೈಗರ್ ಬಳಗದ ಚಿಟ್ಟೆಗಳು ನಿಲ್ಲುವುದು ನಾಲ್ಕು ಕಾಲಿನ ಮೇಲೆ. ಮುಂದಿನ ಎರಡು ಕಾಲು ಗಿಡ್ಡವಾಗಿ ಎದೆಗೆ ಅಂಟಿಕೊಂಡಿರುತ್ತವೆ. ಆರು ಕಾಲೂ ಊರಿ ನಿಂತಿದ್ದರೆ ಅದು ಟೈಗರ್ ಅಲ್ಲ. ಅದು ಕಾಮನ್ ಮೈಮ್, ಬ್ಲೂ ಮಾರ್ಮನ್‌ನ ಬಳಗದ ಚಿಟ್ಟೆ. ಮೈಯಲ್ಲಿ ಕಹಿ ಇಲ್ಲ. ಕಹಿ ಇರುವ ಟೈಗರ್‌ನ ವೇಷ ಮಾತ್ರ ಹಾಕಿದೆ, ನಡಿಗೆಯನ್ನೂ ಕಲಿತಿದೆ. ಗಾಬರಿಯಾದರೆ ಮಾತ್ರ ನಿಜ ಗೊತ್ತಾಗುತ್ತದೆ. ನಿಧಾನ ಬಿಟ್ಟು ಸರ್ರನೆ ಓಡುತ್ತದೆ. ಹಿಂದಿನ ರೆಕ್ಕೆಯ ತಳಭಾಗದ ಅಂಚಿನಲ್ಲಿ ಹಳದಿ ಚುಕ್ಕೆಗಳ ಸಾಲು ಇರುವುದೂ ಒಂದು ಗುರುತು. ಇದೇ ಜಾತಿಯಲ್ಲಿ ಇನ್ನೊಂದು ರೂಪ ಕಂದು ಬಣ್ಣದ ಕ್ರೋ ಚಿಟ್ಟೆಯನ್ನು ಅನುಕರಿಸುತ್ತದೆ. ಒಂದೇ ಮನೆಯ ಮಕ್ಕಳು, ಎರಡು ವೇಷ. ದಾಲ್ಚಿನ್ನಿ ಮರದಲ್ಲಿ ಹುಡುಕಿದಾಗ ಇದರ ಕೋಶವೂ ಸಿಕ್ಕಿತು. ಥೇಟ್ ಮುರಿದ ಕಡ್ಡಿಯ ತುಂಡು. ಮುಟ್ಟಿ ನೋಡುವವರೆಗೆ ಅವಳು ನಂಬಲಿಲ್ಲ.

ನಾಲ್ಕನೇ ದಿನ: ಬೆಳ್ವಾಯಿ, ಜುಮ್ಮನಕಾಯಿ ಮರ

ಮೂಡಬಿದಿರೆ ಹತ್ತಿರದ ಬೆಳ್ವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಬಟರ್‌ಫ್ಲೈ ಪಾರ್ಕ್ ಇದೆ. ಬಲೆ ಕಟ್ಟಿ ಒಳಗೆ ಚಿಟ್ಟೆ ಬಿಟ್ಟ ಜಾಗ ಅಲ್ಲ. ಚಿಟ್ಟೆಗಳಿಗೆ ಬೇಕಾದ ಗಿಡ ಬೆಳೆಸಿದ್ದಾರೆ, ಚಿಟ್ಟೆಗಳು ತಾವಾಗಿ ಬರುತ್ತವೆ. ನಾನು ಹೇಳಲು ಹೊರಟಿದ್ದನ್ನು ಅಲ್ಲಿ ನೆಲದ ಮೇಲೇ ಮಾಡಿ ತೋರಿಸಿದ್ದಾರೆ. ಹೋಗುವ ಮೊದಲು ಯಾವ ದಿನ ತೆರೆದಿರುತ್ತದೆ ಎಂದು ಕೇಳಿಕೊಂಡು ಹೋಗಿ.

ಈ ಕಡೆ ಬಂದದ್ದು ಮಲಬಾರ್ ಬ್ಯಾಂಡೆಡ್ ಪೀಕಾಕ್‌ಗಾಗಿ. ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಚಿಟ್ಟೆ. 2018ರಲ್ಲಿ ಕೇರಳ ಇದನ್ನು ತನ್ನ ರಾಜ್ಯ ಚಿಟ್ಟೆ ಎಂದು ಘೋಷಿಸಿತು. ಕಪ್ಪು ರೆಕ್ಕೆಗಳ ನಡುವೆ ಅಗಲವಾದ ಹೊಳೆಯುವ ಪಟ್ಟಿ, ಹಿಂದೆ ಬಾಲ. ಆ ಪಟ್ಟಿ ಒಂದು ಕಡೆಯಿಂದ ನೋಡಿದರೆ ಹಸಿರು, ಇನ್ನೊಂದು ಕಡೆಯಿಂದ ತಿಳಿನೀಲಿ. ಹಾರುವುದು ಎತ್ತರದಲ್ಲಿ, ವೇಗವಾಗಿ.

ಇದರ ಮರಿಹುಳು ಜುಮ್ಮನಕಾಯಿ ಮರದ ಎಲೆ ತಿನ್ನುತ್ತದೆ. ಮೀನು ಸಾರಿಗೆ ಹಾಕುತ್ತಾರಲ್ಲ, ಬಾಯಿಗೆ ಹಾಕಿದರೆ ನಾಲಗೆ ಜುಮ್ ಎನ್ನುವ ಸಿಪ್ಪೆ, ಕೊಂಕಣಿಯವರ ತೆಪ್ಪಳ, ಅದೇ ಮರ. ಕಾಂಡದ ತುಂಬಾ ದಪ್ಪ ಮುಳ್ಳು. ಮುಳ್ಳಿನ ಕಾಟಕ್ಕೆ ತೋಟದ ಬದಿಯ ಮರಗಳನ್ನು ಕಡಿದು ಹಾಕುವವರೂ ಇದ್ದಾರೆ. ಕಡಿಯಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಒಂದು ಮರ ಹೋದರೆ ಅಲ್ಲಿನ ಪೀಕಾಕ್ ಬೇರೆ ಮರದಲ್ಲಿ ಮೊಟ್ಟೆ ಇಟ್ಟು ಸುಧಾರಿಸಿಕೊಳ್ಳುವುದಿಲ್ಲ. ಹೂವು ಯಾವುದಾದರೂ ನಡೆಯುತ್ತದೆ, ಎಲೆ ಅದೇ ಆಗಬೇಕು.

ಕೃಷ್ಣಕಿರೀಟದ ಕೆಂಪು ಹೂಗೊಂಚಲಿನ ಹತ್ತಿರ ಕಾದೆವು. ಮೊದಲು ಬಂದದ್ದು ಗ್ರೇಟ್ ಎಗ್‌ಫ್ಲೈ ಗಂಡು. ಇದೂ ಕಪ್ಪು-ನೀಲಿಯೇ. ಕಪ್ಪು ರೆಕ್ಕೆಯಲ್ಲಿ ಬಿಳಿ ಕಲೆ, ಅದರ ಸುತ್ತ ನೀಲಿ ಹೊಳಪು. ಈ ಹೊಳಪು ಒಂದು ಕೋನದಿಂದ ಮಾತ್ರ ಕಾಣುತ್ತದೆ, ಸ್ವಲ್ಪ ಸರಿದು ನಿಂತರೆ ಬರೀ ಕಪ್ಪು. ಹಾಗಾಗಿ ಒಂದೇ ಫೋಟೊ ನಂಬಬಾರದು. ಇದರ ಹೆಣ್ಣು ಕಾಮನ್ ಕ್ರೋ ಚಿಟ್ಟೆಯ ಹಾಗೆ ಕಂದು. ಈ ಜಾತಿಯ ಬಗ್ಗೆ ಅವಳಿಗೆ ಒಂದು ನಿಜವಾದ ಕಥೆ ಹೇಳಿದೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಒಂದು ಬ್ಯಾಕ್ಟೀರಿಯಾ ಗಂಡು ಮರಿಗಳನ್ನು ಮೊಟ್ಟೆಯಲ್ಲೇ ಸಾಯಿಸುತ್ತಿತ್ತು. 2001ರಲ್ಲಿ ಅಲ್ಲಿ ನೂರಕ್ಕೆ 1 ಮಾತ್ರ ಗಂಡು. 2006ರ ಹೊತ್ತಿಗೆ ಅದು ಸುಮಾರು 40ಕ್ಕೆ ಏರಿತ್ತು. ಬ್ಯಾಕ್ಟೀರಿಯಾ ಹೋಗಿರಲಿಲ್ಲ, ಅದನ್ನು ತಡೆಯುವ ಗುಣ ಚಿಟ್ಟೆಗಳಲ್ಲಿ ಹಬ್ಬಿತ್ತು. ಐದು ವರ್ಷದಲ್ಲಿ ವಿಕಾಸ ಕಣ್ಣೆದುರಿಗೇ ನಡೆದ ಉದಾಹರಣೆ ಇದು.

ಪೀಕಾಕ್ ಬಂದದ್ದು ಊಟದ ಹೊತ್ತಿಗೆ. ಮೇಲಿಂದ ಇಳಿದು ಹೂವಿಗೆ ಬಂತು, ರೆಕ್ಕೆ ನಿಲ್ಲಿಸದೆ ಎರಡು ಹೂವು ಹೀರಿತು, ಹೋಯಿತು. ಫೋಟೊ ಸಿಗಲಿಲ್ಲ. "ಪರವಾಗಿಲ್ಲ ಚಿಕ್ಕಮ್ಮ, ನೋಡಿದ್ದೆ ಸಾಕು" ಎಂದಳು. ಮರ, ಎತ್ತರ, ಹಾರಾಟ, ಬಣ್ಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಆಮೇಲೆ ಪುತ್ತೂರು, ಸುಳ್ಯ, ಸಂಪಾಜೆ ಘಾಟಿ ಹತ್ತಿ ರಾತ್ರಿ ಕೊಡಗಿನ ಕಕ್ಕಬ್ಬೆ ಸೇರಿದೆವು.

ಐದನೇ ದಿನ: ನಾಲ್ಕುನಾಡು ಅರಮನೆಯ ಮೇಲಿನ ದಾರಿ

ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಇಲ್ಲೇ ಇದೆ. ಅದರ ಪಕ್ಕದಿಂದ 1,748 ಮೀಟರ್ ಎತ್ತರದ ತಡಿಯಂಡಮೋಳಿಗೆ ದಾರಿ ಹೋಗುತ್ತದೆ. ಬೆಳಿಗ್ಗೆ ಮಂಜು, ಹತ್ತೂವರೆಯವರೆಗೂ ಒಂದು ಚಿಟ್ಟೆ ಇಲ್ಲ. ನಾವು ಶಿಖರಕ್ಕೆ ಹೋಗಲಿಲ್ಲ. ನಮಗೆ ಬೇಕಾದದ್ದು ಕೆಳಗಿನ ತೊರೆಯ ಪಕ್ಕದ ದಾರಿಯಲ್ಲಿತ್ತು.

ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಒಂದು ಬಂದು ಕೂತಿತು. ಗಾಢ ಕಪ್ಪು-ನೀಲಿ ರೆಕ್ಕೆ, ಎರಡೂ ರೆಕ್ಕೆಯ ಮೂಲಕ ಹಾಯುವ ಒಂದು ತಿಳಿನೀಲಿ ಪಟ್ಟಿ. ಅಂಚು ಹರಿದಂತೆ ಅಂಕುಡೊಂಕು. ಬ್ಲೂ ಅಡ್ಮಿರಲ್. ದಕ್ಷಿಣದಲ್ಲಿ ಇದು ಬೆಟ್ಟದ ಕಾಡುಗಳ ಚಿಟ್ಟೆ, ಹಿಮಾಲಯದಲ್ಲೂ ಇದೆ. ರೆಕ್ಕೆ ಮಡಚಿದ ಕೂಡಲೇ ಮರದ ತೊಗಟೆ. ಅವಳು ಕಲ್ಲನ್ನೇ ನೋಡುತ್ತಾ "ಎಲ್ಲಿ ಹೋಯ್ತು?" ಎಂದಳು. ಅದು ಅಲ್ಲೇ ಇತ್ತು.

ಇದು ಹೂವಿನ ಹಿಂದೆ ಹೋಗುವುದು ಕಡಿಮೆ. ಮರದಿಂದ ಸುರಿಯುವ ರಸ, ಕೊಳೆತ ಹಣ್ಣು, ಸಗಣಿ, ಇವು ಇದರ ಊಟ. ಹೋಮ್‌ಸ್ಟೇಯವರು ಹಿಂದಿನ ದಿನವೇ ಕಳಿತ ಬಾಳೆಹಣ್ಣು ಕೊಟ್ಟಿದ್ದರು. ಅದನ್ನು ದಾರಿ ಬದಿಯ ಕಲ್ಲಿನ ಮೇಲೆ ಇಟ್ಟೆವು. ಅಡ್ಮಿರಲ್‌ಗೆ ಅದಕ್ಕಿಂತ ತನ್ನ ಜಾಗವೇ ಮುಖ್ಯ. ಇನ್ನೊಂದು ಗಂಡು ಆ ಕಡೆ ಸುಳಿದರೆ ಓಡಿಸಿಕೊಂಡು ಹೋಗಿ, ತಿರುಗಿ ಬಂದು ಅದೇ ಕಲ್ಲಿನ ಮೇಲೆ ಕೂರುತ್ತದೆ. ಆದ್ದರಿಂದ ಹಾರಿ ಹೋಯಿತು ಎಂದು ಹಿಂದೆ ಓಡಬಾರದು. ಇದ್ದಲ್ಲೇ ನಿಂತರೆ ಅದೇ ಬರುತ್ತದೆ. ಇದರ ಮರಿಹುಳುವಿಗೆ ಸ್ಮೈಲಾಕ್ಸ್ ಎಂಬ ಮುಳ್ಳಿನ ಕಾಡುಬಳ್ಳಿ ಬೇಕು. ಆ ದಾರಿಯ ಬೇಲಿಯಲ್ಲೆಲ್ಲ ಅದು ಇತ್ತು. ಎಲೆಗಳ ಹಿಂಭಾಗ ತಡಕಿದೆವು, ಹುಳು ಸಿಗಲಿಲ್ಲ.

ಬಾಳೆಹಣ್ಣಿಗೆ ಬಂದದ್ದು ಬೇರೆಯೇ. ಒಣ ಎಲೆಯೊಂದು ಹಣ್ಣಿನ ಮೇಲೆ ಬಿದ್ದಂತಿತ್ತು. ನಡುನರ ಇತ್ತು, ತೊಟ್ಟು ಇತ್ತು, ಬೂಷ್ಟು ಹಿಡಿದ ಕಲೆಯೂ ಇತ್ತು. ಎಲೆ ತೆರೆದುಕೊಂಡಾಗ ಒಳಗೆ ಕಡುನೀಲಿ ಮತ್ತು ಕಪ್ಪು, ನಡುವೆ ತಿಳಿ ಬಣ್ಣದ ಪಟ್ಟಿ. ಸಹ್ಯಾದ್ರಿ ಬ್ಲೂ ಓಕ್‌ಲೀಫ್. ಅವಳು ಉಸಿರು ಬಿಡಲಿಲ್ಲ. ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲ ಎದೆ ಹೊಡೆದುಕೊಳ್ಳುತ್ತದೆ. ಇದರ ಮರಿಗಳು ಕುರಿಂಜಿ ಬಳಗದ ಗಿಡಗಳನ್ನು ತಿನ್ನುತ್ತವೆ. ಹೂ ಬಿಡುವ ವರ್ಷ ಮಾತ್ರ ಆ ಗಿಡ ನೋಡಲು ಜನ ಬರುತ್ತಾರೆ. ಉಳಿದ ವರ್ಷಗಳಲ್ಲೂ ಅದರ ಎಲೆಗೆ ಕೆಲಸ ಇದ್ದೇ ಇದೆ.

ಆರನೇ ದಿನ: ಕರಿಘಟ್ಟದ ಬಿಸಿಲು

ಕುಶಾಲನಗರ ದಾಟಿದ ಮೇಲೆ ಹಸಿರು ತೆಳುವಾಗುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟಕ್ಕೆ ಬರುವಾಗ ಕುರುಚಲು ಗಿಡ, ಕಲ್ಲು, ಕಾದ ನೆಲ. ಶ್ರೀನಿವಾಸನ ದರ್ಶನ ಮಾಡಿಕೊಂಡು ಇಳಿಯುವಾಗ ಹಾದಿಯ ಮಣ್ಣಿನ ಮೇಲೇ ಬ್ಲೂ ಪ್ಯಾನ್ಸಿ ಕೂತಿತ್ತು. ಮುಂದಿನ ರೆಕ್ಕೆಯ ಬುಡ ಮಖಮಲ್ಲಿನ ಕಪ್ಪು, ಹಿಂದಿನ ರೆಕ್ಕೆ ಕಡುನೀಲಿ, ಅದರಲ್ಲಿ ಕೆಂಪು ಬಳೆಯ ಕಣ್ಣುಗಳು. ಮಳೆಕಾಡಿನಲ್ಲಿ ಇದನ್ನು ಹುಡುಕಬೇಡಿ. ಇದಕ್ಕೆ ಬರಿ ನೆಲ ಬೇಕು, ಸುಡುವ ಬಿಸಿಲು ಬೇಕು, ನೆಲಕ್ಕೆ ಹತ್ತಿಕೊಂಡು ಬೆಳೆಯುವ ಜಸ್ಟೀಸಿಯಾದಂಥ ಗಿಡ ಬೇಕು. ಖಾಲಿ ಜಾಗ ಎಂದು ನಾವು ಕಸ ಸುರಿಯುವ ಎಷ್ಟೋ ಬಯಲು ಇದರ ಮನೆ.

ಬ್ಲೂಬಾಟಲ್‌ನಲ್ಲಿ ನೀಲಿಗೆ ಒಂದು ವಸ್ತು ಇತ್ತು. ಪ್ಯಾನ್ಸಿಯಲ್ಲಿ ನೀಲಿ ವಸ್ತುವೇ ಇಲ್ಲ. ಹುರುಪೆಯ ಕೆಳಪದರ ಕೂದಲಿಗಿಂತ ನೂರಾರು ಪಟ್ಟು ತೆಳು. ಸೋಪಿನ ಗುಳ್ಳೆಯಲ್ಲಿ ಆಗುವಂತೆಯೇ ಬೆಳಕು ಆ ಪದರದಲ್ಲಿ ತಿರುಗಿ ನೀಲಿ ಮಾತ್ರ ನಮ್ಮ ಕಡೆ ಬರುತ್ತದೆ. ಪ್ಯಾನ್ಸಿ ಬಳಗದಲ್ಲಿ ಪದರದ ದಪ್ಪ ಬದಲಾದರೆ ಬಣ್ಣ ಬದಲಾಗುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಒಂದೇ ಪ್ರವಾಸದಲ್ಲಿ ಎರಡು ರೀತಿಯ ನೀಲಿ ನೋಡಿದ್ದು ಅವಳಿಗೆ ಬಹಳ ಖುಷಿ ಕೊಟ್ಟಿತು.

ಕೆಳಗೆ ಹೊಲದ ಬದುವಿನಲ್ಲಿ ಗೋಣಿಸೊಪ್ಪು ಹಬ್ಬಿತ್ತು. ಅದರ ಮೇಲೆ ಒಂದು ಕಿತ್ತಳೆ ಬಣ್ಣದ ಚಿಟ್ಟೆ ತಗ್ಗಿ ತಗ್ಗಿ ಹಾರುತ್ತಿತ್ತು. "ಪ್ಲೇನ್ ಟೈಗರ್" ಎನ್ನಲು ಬಾಯಿ ತೆರೆದವಳು, ನಿಲ್ಲಿಸಿದಳು. ಗಿಡ ನೋಡಿದಳು.

"ಪ್ಲೇನ್ ಟೈಗರ್ ಮೊಟ್ಟೆ ಇಡೋದು ಎಕ್ಕದ ಮೇಲೆ. ಇದು ಗೋಣಿಸೊಪ್ಪಿಗೆ ಯಾಕೆ ಬಂತು? ಚಿಕ್ಕಮ್ಮ, ಇದು ಡಾನೈಡ್ ಎಗ್‌ಫ್ಲೈ ಹೆಣ್ಣು!"

ಹೌದು. ಹೆಣ್ಣು ಪ್ಲೇನ್ ಟೈಗರ್‌ನ ವೇಷದಲ್ಲಿ ಕಿತ್ತಳೆ. ಗಂಡು ಪೂರ್ತಿ ಬೇರೆ. ಸ್ವಲ್ಪ ಆಚೆ ಒಂದು ಪೊದೆಯ ತುದಿಯಲ್ಲಿ ಅದೂ ಕೂತಿತ್ತು. ಕಪ್ಪು ಮೈ, ಪ್ರತಿ ಕಡೆ ಮೂರು ಬಿಳಿ ಕಲೆ, ಕಲೆಯ ಅಂಚಿನಲ್ಲಿ ನೇರಳೆ-ನೀಲಿ ಹೊಳಪು. ಗ್ರೇಟ್ ಎಗ್‌ಫ್ಲೈಯ ತಮ್ಮನ ಹಾಗೆ. ಈ ಕಿತ್ತಳೆ ಹೆಣ್ಣು, ಆ ಕಪ್ಪು-ನೀಲಿ ಗಂಡು ಒಂದೇ ಜಾತಿ ಎಂದು ಬಣ್ಣ ನೋಡಿ ಯಾರು ಹೇಳಲು ಸಾಧ್ಯ?

ಬೆಂಗಳೂರಿಗೆ ಬರುವ ದಾರಿಯಲ್ಲಿ ಅವಳು ಫೋಟೊಗಳನ್ನು ವಿಂಗಡಿಸಿದಳು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ (ಎನ್‌ಸಿಬಿಎಸ್) ನಡೆಯುವ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣಕ್ಕೆ ಕಳಿಸಬೇಕು, ದಿನಾಂಕ ಮತ್ತು ಜಾಗ ಸರಿಯಾಗಿ ಬರೆಯಬೇಕು ಎಂದಿದ್ದೆ. ಅವಳು ಅದಕ್ಕೆ ಗಿಡದ ಹೆಸರಿನ ಒಂದು ಸಾಲನ್ನೂ ಸೇರಿಸಿದಳು.

ಏಪ್ರಿಲ್‌ನಿಂದ ಜೂನ್ ನಡುವೆ, ಮಳೆಗೆ ಮುಂಚೆ, ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಮತ್ತು ಕ್ರೋ ಚಿಟ್ಟೆಗಳು ಘಟ್ಟ ಬಿಟ್ಟು ಪೂರ್ವದ ಬಯಲಿಗೆ ವಲಸೆ ಹೋಗುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಅವುಗಳ ಸಂತತಿ ಹಿಂದಿರುಗುತ್ತದೆ. ಹೆಬ್ರಿಯಲ್ಲಿ ನೋಡಿದವುಗಳಲ್ಲಿ ಹಾಗೆ ಬಂದವೂ ಇರಬಹುದು. ಬೆಂಗಳೂರಿನ ಮೇಲೆ ಅವು ಸಾಲಾಗಿ ಹೋಗುವಾಗ ಟೆರೇಸ್ ಮೇಲೆ ನಿಂತು, ಐದು ನಿಮಿಷಕ್ಕೆ ಎಷ್ಟು, ಯಾವ ದಿಕ್ಕಿಗೆ, ಗಾಳಿ ಎತ್ತ ಎಂದು ದಿನಾ ಬರೆದಿಡಬೇಕು ಎಂದು ಇಬ್ಬರೂ ಮಾತಾಡಿಕೊಂಡೆವು. ಅವಳಿಗೆ ಮೇ ತಿಂಗಳಲ್ಲಿ ಪರೀಕ್ಷೆ. ಬೆಳಿಗ್ಗೆಯ ಎಣಿಕೆ ಅವಳದ್ದು, ಮಧ್ಯಾಹ್ನದ್ದು ನನ್ನದು.